ಅಜ್ಜಿಯ ಮೊಣಕಾಲಿಗೆ ಮೇಜುಂಟು, ಮೊಮ್ಮಗನ ಮಣಿಕಟ್ಟಿಗಿಲ್ಲ: ಮುಂಬೈಯ ಕನ್ನಡ ಸಂಘಗಳಿಗೊಂದು ಬಹಿರಂಗ ಪತ್ರ

ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈಯ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಮಹಿಳಾ ವಿಭಾಗದ ಅಕ್ಕಂದಿರಿಗೆ ನಮಸ್ಕಾರ.

ಕಳೆದ ವರ್ಷ ಒಂದು ಸಂಘದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಯಾವ ಸಂಘ ಎಂದು ಹೇಳುವುದಿಲ್ಲ. ಎಲ್ಲ ಸಂಘಗಳ ಶಿಬಿರವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬಾಗಿಲ ಹತ್ತಿರ ಶುಗರ್, ಪಕ್ಕದಲ್ಲಿ ಬಿಪಿ, ಆಚೆ ಕಣ್ಣು. ಮೂಲೆಯ ಮೇಜು ನನ್ನದು. ನಾನು ಫಿಸಿಯೋಥೆರಪಿಸ್ಟ್. ಮೊಣಕಾಲು, ಸೊಂಟ, ಕುತ್ತಿಗೆ ಹಿಡಿದುಕೊಂಡವರೆಲ್ಲ ನನ್ನ ಪಾಲು. ಹಿಂದಿನ ಕೋಣೆಯಿಂದ ಉಪ್ಪಿಟ್ಟಿನ ಒಗ್ಗರಣೆಯ ಪರಿಮಳ.

ಒಬ್ಬರು ಅಜ್ಜಿ ಬಂದರು, ಕುಂದಾಪುರದ ಕಡೆಯವರು. ಮಗ ಇಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ, ಸೊಸೆ ಆಫೀಸಿಗೆ ಹೋಗುತ್ತಾಳೆ. ಮಗು ನೋಡಿಕೊಳ್ಳಲು ಅಜ್ಜಿ ಊರು ಬಿಟ್ಟು ಬಂದಿದ್ದಾರೆ. "ಮೊಣಕಾಲು ಮಡಚಲಿಕ್ಕೇ ಆಗುದಿಲ್ಲ ಡಾಕ್ಟ್ರೇ" ಎಂದು ಕುರ್ಚಿಯಲ್ಲಿ ಕೂತರು. ನಾನು ಮೊಣಕಾಲು ನೋಡುತ್ತಿದ್ದೆ, ಆದರೆ ಕಣ್ಣು ಹೋಗುತ್ತಿದ್ದದ್ದು ಅವರ ಸೊಂಟದ ಮೇಲಿದ್ದ ಮೊಮ್ಮಗನ ಕಡೆಗೆ. ಒಂದೂವರೆ ವರ್ಷದ ಹುಡುಗ. ಇನ್ನೂ ನಡೆಯುತ್ತಿಲ್ಲ. ಬಾಯಲ್ಲಿ ನಾಲ್ಕೇ ಹಲ್ಲು. ಮಣಿಕಟ್ಟು ಮಾತ್ರ ಬಳೆ ತೊಡಿಸಿದ ಹಾಗೆ ಉಬ್ಬಿಕೊಂಡಿತ್ತು. ನಾನು ಆ ಕೈ ಹಿಡಿದು ನೋಡಿದ್ದು ಕಂಡು ಅಜ್ಜಿಗೆ ಖುಷಿಯಾಯಿತು. "ಅವನ ಅಜ್ಜಂದೂ ಹೀಗೇ ಇತ್ತು. ಗಟ್ಟಿ ಎಲುಬು" ಅಂದರು.

ಅದು ಗಟ್ಟಿ ಎಲುಬಲ್ಲ, ಮೆತ್ತಗಿನ ಎಲುಬು. ಅದಕ್ಕೆ ರಿಕೆಟ್ಸ್ ಅನ್ನುತ್ತಾರೆ. ವಿಟಮಿನ್ ಡಿ ಸಾಲದೆ ಹೋದಾಗ ಊಟದಲ್ಲಿರುವ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬೆಳೆಯುವ ಎಲುಬಿನ ತುದಿ ಗಟ್ಟಿಯಾಗದೆ ಅಗಲವಾಗುತ್ತಾ ಹೋಗುತ್ತದೆ. ಮಣಿಕಟ್ಟು ದಪ್ಪವಾಗುವುದು, ಹಲ್ಲು ತಡವಾಗುವುದು, ನೆತ್ತಿ ಬೇಗ ಕೂಡದಿರುವುದು, ನಡೆಯಲು ಶುರು ಮಾಡಿದ ಮೇಲೆ ಕಾಲು ಬಿಲ್ಲಿನಂತೆ ಬಾಗುವುದು, ಎಲ್ಲ ಒಂದೇ ಕಥೆಯ ತುಣುಕುಗಳು. ಒಂದು ರಕ್ತಪರೀಕ್ಷೆ, ಮಣಿಕಟ್ಟಿನ ಒಂದು ಎಕ್ಸ್‌ರೇ ಸಾಕು ಗೊತ್ತಾಗಲು. ಸಾಮಾನ್ಯವಾಗಿ ಔಷಧಿಗೂ ಚೆನ್ನಾಗಿ ಬಗ್ಗುತ್ತದೆ.

ಆವತ್ತು ಆ ಶಿಬಿರದಲ್ಲಿ ಅಷ್ಟೊಂದು ಡಾಕ್ಟರುಗಳಿದ್ದರು. ಮಕ್ಕಳ ಡಾಕ್ಟರು ಮಾತ್ರ ಇರಲಿಲ್ಲ. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಜ್ಜಿ ಅದನ್ನು ಮಡಚಿ, ತಮ್ಮ ಶುಗರ್ ರಿಪೋರ್ಟಿನ ಜೊತೆ ಪರ್ಸಿಗೆ ಹಾಕಿಕೊಂಡರು. ಆ ಚೀಟಿ ಮನೆಯಲ್ಲಿ ಯಾರ ಕೈಗೂ ಹೋಗಲಿಕ್ಕಿಲ್ಲ ಅನ್ನಿಸಿ ರಾತ್ರಿ ಮಗನಿಗೆ ನಾನೇ ಫೋನ್ ಮಾಡಿದೆ.

ಈ ಪತ್ರ ಬರೆಯಲು ಕಾರಣ ಅದೇ. ನಮ್ಮ ಮನೆಗಳಲ್ಲಿ ಹಗಲು ಹೊತ್ತು ಮಗುವನ್ನು ಬೆಳೆಸುವವರು ಅಜ್ಜಿಯರು. ಅವರಿಗೆ ಗೊತ್ತಿರುವುದು ಕನ್ನಡ, ತುಳು, ಇಲ್ಲವೇ ಕೊಂಕಣಿ. ಲಸಿಕೆ ಹಾಕಿಸುವಲ್ಲಿ ಸಿಗುವ ಮಾತು, ಗೋಡೆಯ ಮೇಲಿನ ಪೋಸ್ಟರು, ಡಾಕ್ಟರು ಗಡಿಬಿಡಿಯಲ್ಲಿ ಹೇಳುವ ಎರಡು ಸಾಲು, ಎಲ್ಲ ಮರಾಠಿ ಅಥವಾ ಹಿಂದಿಯಲ್ಲಿ. ಅದರಲ್ಲಿ ತಪ್ಪೇನಿಲ್ಲ, ಇದು ಮಹಾರಾಷ್ಟ್ರ. ಅಜ್ಜಿಯ ಕಿವಿಗೆ ಕನ್ನಡದಲ್ಲಿ ಮುಟ್ಟಿಸುವ ಕೆಲಸ ನಮ್ಮದು, ಅಂದರೆ ನಿಮ್ಮದು. ನಿಮ್ಮ ಹತ್ತಿರ ಸಭಾಗೃಹ ಇದೆ, ಮೈಕ್ ಇದೆ, ಎಲ್ಲಕ್ಕಿಂತ ಜಾಸ್ತಿ ಅಜ್ಜಿಯರ ನಂಬಿಕೆ ಇದೆ.

ಪೋಲಿಯೋ ನೆನಪಿಸಿಕೊಳ್ಳಿ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದ ಮೇಲೆ "ಎರಡು ಹನಿ" ಎಂಬ ಮಾತು ದೇಶದ ಎಲ್ಲ ಭಾಷೆಗಳಲ್ಲೂ ಮನೆಮನೆಗೆ ಹೋಯಿತು. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೋ ಹೋಯಿತು ಎಂದು ಪ್ರಮಾಣಪತ್ರ ಕೊಟ್ಟಿತು. ಅಕ್ಷರ ಬಾರದ ಅಜ್ಜಿಯೂ ಭಾನುವಾರ ಬೂತಿಗೆ ಮಗು ಎತ್ತಿಕೊಂಡು ಹೋದದ್ದನ್ನು ನಾನು ಕಂಡಿದ್ದೇನೆ. ಹೇಳುವ ಹಾಗೆ ಹೇಳಿದರೆ ಅವರು ಕೇಳುತ್ತಾರೆ.

ಅಜ್ಜಿಯರಿಗೆ ಏನೂ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ಎಷ್ಟೋ ಪದ್ಧತಿಗಳು ನಾವು ಓದಿದ ಪುಸ್ತಕಕ್ಕಿಂತ ಮುಂದಿವೆ. ಮಗುವನ್ನು ಸೊಂಟದ ಮೇಲೆ, ಎರಡು ಕಾಲು ಆಚೀಚೆ ಬರುವ ಹಾಗೆ ಎತ್ತಿಕೊಳ್ಳುತ್ತಾರಲ್ಲ, ಸೊಂಟದ ಕೀಲು ಸರಿಯಾಗಿ ಕೂರಲು ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ. ಅದೇ ಅಜ್ಜಿ ಹುಟ್ಟಿದ ಮಗುವಿನ ಕಾಲು ನೆಟ್ಟಗಾಗಲಿ ಎಂದು ಎರಡೂ ಕಾಲು ಜೋಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಆಗುವುದು ಉಲ್ಟಾ. ಎಳೆ ಮಗುವಿನ ಸೊಂಟದ ಗುಂಡು ಇನ್ನೂ ತನ್ನ ಬಟ್ಟಲಲ್ಲಿ ಭದ್ರವಾಗಿ ಕೂತಿರುವುದಿಲ್ಲ. ಕಾಲು ಎಳೆದು ಬಿಗಿದರೆ ಜಾರುವ ಅಪಾಯ ಜಾಸ್ತಿ. ಮೈ ಸುತ್ತಿ, ಬೆಚ್ಚಗಿಡಿ, ಆದರೆ ಕಪ್ಪೆಯ ಹಾಗೆ ಕಾಲು ಮಡಚಿ ಅಗಲಿಸಲು ಒಳಗೆ ಜಾಗ ಇರಲಿ. ಎಣ್ಣೆ ಹಚ್ಚಿ ನೀರೆರೆಯುವುದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ದುಡ್ಡು ಕೊಟ್ಟು ಕರೆಸುವ ಕೆಲವು ಮಾಲೀಶ್ ಮಾಡುವ ಹೆಂಗಸರು ಮಗುವಿನ ಎರಡೂ ಪಾದ ಹಿಡಿದು ತಲೆಕೆಳಗೆ ತೂಗಾಡಿಸುತ್ತಾರೆ. ಅದನ್ನು ಮಾತ್ರ ನಿಲ್ಲಿಸಿ.

ಒಂದು ತಮಾಷೆಯ ಸಂಗತಿ. ಕಾಲು ಮುಂದಾಗಿ ಹುಟ್ಟಿದವರನ್ನು ನಮ್ಮ ಮರಾಠಿ ನೆರೆಯವರು ಪಾಯಾಳೂ ಅನ್ನುತ್ತಾರೆ. ಬೆನ್ನು ಹಿಡಿದುಕೊಂಡವರು ಅವರಿಂದ ಮೆಲ್ಲಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ. ನಮ್ಮ ಊರುಗಳಲ್ಲೂ ಇದೆ. ಒದೆಸಿಕೊಳ್ಳುವವರು ಒದೆಸಿಕೊಳ್ಳಲಿ. ಆದರೆ ಹೊಟ್ಟೆಯೊಳಗೆ ಕೆಳಮುಖವಾಗಿ ತಿರುಗದೆ ಉಳಿದ ಮಗುವಿಗೇ ಸೊಂಟದ ಕೀಲು ಸಡಿಲವಿರುವ ಸಾಧ್ಯತೆ ಹೆಚ್ಚು. ಹೆಣ್ಣು ಮಗುವಾದರೆ ಇನ್ನೂ ಹೆಚ್ಚು. ಆರು ವಾರದ ಹೊತ್ತಿಗೆ ಸೊಂಟದ ಒಂದು ಅಲ್ಟ್ರಾಸೌಂಡ್ ಮಾಡಿಸಿದರೆ ಗೊತ್ತಾಗುತ್ತದೆ. ಆಗ ಕಂಡರೆ ಬೆಲ್ಟಿನಲ್ಲೇ ಸರಿಹೋಗಬಹುದು. ಮಗು ಕುಂಟುತ್ತಾ ನಡೆಯಲು ಶುರು ಮಾಡಿದ ಮೇಲೆ ಕಂಡರೆ ಆಪರೇಷನ್. ಪಾಯಾಳೂ ಹುಟ್ಟಿತು ಎಂದು ಸಕ್ಕರೆ ಹಂಚುವ ಮನೆಯಲ್ಲಿ ಇದನ್ನೂ ಯಾರಾದರೂ ಹೇಳಬೇಕಲ್ವಾ?

ಬಿಸಿಲಿನ ವಿಷಯವೂ ಹಾಗೇ. ಬೆಳಗಿನ ಎಳೆ ಬಿಸಿಲಲ್ಲಿ ಮಗುವನ್ನು ಮಲಗಿಸಬೇಕು ಎಂದು ಅಜ್ಜಿ ಹೇಳುವುದು ಊರಿನ ಅಂಗಳಕ್ಕೆ ಸರಿ. ಇಲ್ಲಿ ಚಾಳಿನ ಒಳಕೋಣೆಗೆ ಬಿಸಿಲು ಬರುವುದಿಲ್ಲ, ಹದಿನೈದನೇ ಮಹಡಿಯಲ್ಲಿ ಬಂದರೂ ಕಿಟಕಿಯ ಗಾಜಿನಿಂದ ಬರುತ್ತದೆ. ವಿಟಮಿನ್ ಡಿ ತಯಾರಿಸುವ ಕಿರಣವನ್ನು ಗಾಜು ಒಳಗೆ ಬಿಡುವುದಿಲ್ಲ. ಏಳು ಗಂಟೆಯ ಬಿಸಿಲಿನಲ್ಲಿ ಆ ಕಿರಣವೇ ಕಡಿಮೆ. ಎದೆಹಾಲಿನಲ್ಲಿ ಎಲ್ಲ ಇದೆ, ವಿಟಮಿನ್ ಡಿ ಮಾತ್ರ ಸಾಕಷ್ಟು ಇರುವುದಿಲ್ಲ. ಅದಕ್ಕೇ ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಕೊಡಬೇಕು ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಬಾಟಲಿಯಿಂದ ಬಾಟಲಿಗೆ ಹನಿಯ ಸಾಂದ್ರತೆ ಬೇರೆ. ಹಾಗಾಗಿ ಎಷ್ಟು ಎಂಎಲ್ ಎಂದು ಡಾಕ್ಟರ ಹತ್ತಿರವೇ ಕೇಳಿ. ದೊಡ್ಡವರು ವಾರಕ್ಕೊಮ್ಮೆ ಹಾಲಿಗೆ ಹಾಕಿ ಕುಡಿಯುವ 60,000 ಯೂನಿಟ್ಟಿನ ಪುಡಿ ಇದೆಯಲ್ಲ, ಅದನ್ನು "ಸ್ವಲ್ಪ ಪಾಪುವಿಗೂ" ಎಂದು ಯಾವ ಕಾರಣಕ್ಕೂ ಕೊಡಬೇಡಿ.

ಆ ಕುಂದಾಪುರದ ಅಜ್ಜಿ ನನ್ನನ್ನು ಕೇಳಿದ್ದು ಇದನ್ನೇ. "ದಿನಾ ರಾಗಿ ಮಣ್ಣಿ ಕೊಡ್ತೇನಲ್ಲ, ಮತ್ತೆ ಯಾಕೆ ಹೀಗಾಯ್ತು?" ಪ್ರಶ್ನೆ ಸರಿಯಾದದ್ದೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಜಲ್ಲಿ, ಮರಳು ಎಲ್ಲ ತಂದು ಹಾಕಿ, ಗಾರೆಯವರನ್ನು ಕರೆಯದಿದ್ದರೆ ಗೋಡೆ ಏಳುತ್ತದೆಯೇ ಎಂದು ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು.

ಈಗ ನನ್ನದೇ ಒಂದು ತಪ್ಪು. ಹದಿನಾಲ್ಕು ವರ್ಷ ಆಯಿತು. ಡೊಂಬಿವಲಿ ಸ್ಟೇಷನ್, ಬೆಳಗ್ಗೆ ಒಂಬತ್ತರ ಹೊತ್ತು. ಮಗಳಿಗೆ ಎರಡೂವರೆ ವರ್ಷ, ಅತ್ತೆಯ ಮನೆಗೆ ಹೊರಟಿದ್ದೆ. ಗಾಡಿ ಬಂತು, ಲೇಡೀಸ್ ಡಬ್ಬಾದ ಬಾಗಿಲಲ್ಲಿ ನೂಕುನುಗ್ಗಲು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಅವಳ ಮಣಿಕಟ್ಟು ಹಿಡಿದು ಮೇಲಕ್ಕೆಳೆದೆ. ಅವಳು ಚೀರಿದಳು. ಆಮೇಲೆ ಸುಮ್ಮನಾದಳು. ಆದರೆ ಆ ಕೈ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಅಲ್ಲಾಡಿಸಲೇ ಇಲ್ಲ. ಎದುರಿಗಿದ್ದ ಹೆಂಗಸೊಬ್ಬರು ಬಿಸ್ಕೆಟ್ ಕೊಟ್ಟರೆ ಇನ್ನೊಂದು ಕೈ ಚಾಚಿದಳು. ಓದಿದ್ದೆಲ್ಲ ನನಗೆ ಮರೆತುಹೋಯಿತು. ಕೈ ಮುರಿದುಬಿಟ್ಟೆ ಎಂದುಕೊಂಡು ಠಾಣೆಯಲ್ಲಿ ಇಳಿದು ಓಡಿದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ಹೇಗಾಯಿತು ಎಂದು ಕೇಳಿದರು, ಮೊಣಕೈ ಹಿಡಿದು, ಅಂಗೈಯನ್ನು ಮೆಲ್ಲಗೆ ತಿರುಗಿಸಿದರು. ಟಕ್ ಎಂದಿತು. ಹತ್ತು ನಿಮಿಷದಲ್ಲಿ ಮಗಳು ಅದೇ ಕೈಯಲ್ಲಿ ಉಳಿದ ಬಿಸ್ಕೆಟ್ ತಿಂದಳು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಮೊಣಕೈಯ ಒಂದು ಎಲುಬಿನ ತಲೆಯನ್ನು ಸುತ್ತಿ ಹಿಡಿದಿರುವ ನಾರು ಸಡಿಲ ಇರುತ್ತದೆ. ಕೈ ಎಳೆದಾಗ ಎಲುಬು ಅದರಿಂದ ಜಾರುತ್ತದೆ. ಒಮ್ಮೆ ಜಾರಿದ್ದು ಮತ್ತೆ ಜಾರಬಹುದು. ಇಬ್ಬರು ದೊಡ್ಡವರು ಒಂದೊಂದು ಕೈ ಹಿಡಿದು "ಒಂದು, ಎರಡು, ಮೂರು" ಎಂದು ಮಗುವನ್ನು ಉಯ್ಯಾಲೆಯಾಡಿಸುತ್ತಾರಲ್ಲ, ಅಲ್ಲೂ ಇದೇ ಆಗುವುದು. ಎತ್ತುವುದಿದ್ದರೆ ಕಂಕುಳಿಗೆ ಕೈ ಹಾಕಿ ಎತ್ತಿ. ಡಾಕ್ಟರು ಮಾಡಿದ್ದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ಬಿದ್ದು ಆದ ನೋವಾದರೆ ಎಲುಬು ನಿಜವಾಗಿಯೂ ಮುರಿದಿರಬಹುದು.

ಮುರಿದಾಗ ನಮ್ಮವರಲ್ಲಿ ಕೆಲವರು ಇನ್ನೂ ಎಲುಬು ಕೂರಿಸುವ ನಾಟಿವೈದ್ಯರಾದ ಹಾಡ್‌ವೈದ್ಯರನ್ನು ಹುಡುಕುತ್ತಾರೆ. ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸಿಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಮೊಣಕೈಯ ಹತ್ತಿರ ಮುರಿದಾಗ ಕಟ್ಟು ಬಿಗಿಯಾದರೆ ರಕ್ತ ಓಡಾಡುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯಲು ಶುರುವಾಗುತ್ತದೆ, ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಸೊಟ್ಟಪಾದ, ಅಂದರೆ ಕ್ಲಬ್‌ಫೂಟ್. ಹುಟ್ಟುವಾಗಲೇ ಪಾದ ಒಳಗೆ ತಿರುಗಿರುವುದು. ಸುಮಾರು 800 ಮಕ್ಕಳಲ್ಲಿ ಒಂದಕ್ಕೆ ಹೀಗಿರುತ್ತದೆ. ನನ್ನ ಮನಸ್ಸಿನಲ್ಲಿ ಉಳಿದಿರುವ ಮಗು ಕಲಬುರ್ಗಿ ಕಡೆಯದು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಕೂಲಿಗಾರರು ಸೇರುವ ನಾಕಾದಲ್ಲಿ ನಿಂತು, ಕರೆದವರ ಹಿಂದೆ ಕಟ್ಟಡದ ಕೆಲಸಕ್ಕೆ ಹೋಗುವವರು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪೊನ್ಸೆಟಿ ವಿಧಾನದಲ್ಲಿ ಚಿಕಿತ್ಸೆ ಶುರು ಮಾಡಿಸಿದ್ದರು. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ ಎಂಬ ಡಾಕ್ಟರು ರೂಪಿಸಿದ್ದು ಇದು. ವಾರಕ್ಕೊಂದರಂತೆ ಐದಾರು ಪ್ಲಾಸ್ಟರು, ಪ್ರತಿಸಲ ಪಾದವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾರೆ. ಕೊನೆಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಒಂದು ಚಿಕ್ಕ ಕೊಯ್ತ. ದೊಡ್ಡ ಆಪರೇಷನ್ ಬೇಡ. ಪಾದ ನೆಟ್ಟಗಾಗಿಬಿಡುತ್ತದೆ, ನೋಡಲು ಚಂದ.

ಕಷ್ಟ ಶುರುವಾಗುವುದು ಅಲ್ಲಿಂದ. ಎರಡು ಬೂಟು, ನಡುವೆ ಒಂದು ಕಬ್ಬಿಣದ ಪಟ್ಟಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಿರಬೇಕು, ಆಮೇಲೆ ಮಲಗುವಾಗ ಮಾತ್ರ, ನಾಲ್ಕೈದು ವರ್ಷದವರೆಗೆ. ಅಮ್ಮ ಅದನ್ನು ಸರಿಯಾಗಿಯೇ ಹಾಕುತ್ತಿದ್ದಳು. ಎಳ್ಳಮಾಸಿ ಹಬ್ಬಕ್ಕೆ ಊರಿಗೆ ಹೋದರು. ಅಜ್ಜಿ ನೋಡಿ ಎದೆ ಬಡಿದುಕೊಂಡಳಂತೆ. "ಅಯ್ಯಯ್ಯ, ಕೂಸಿಗೆ ಬ್ಯಾಡಿ ಹಾಕ್ಯಾರಲ್ಲ! ಕಾಲು ನೆಟ್ಟಗ ಅದಾವು, ಇನ್ನೇನು ಬೇಕಾಗ್ಯದ?" ಬೂಟು ಅಟ್ಟ ಸೇರಿತು. ಎರಡು ವರ್ಷ ಬಿಟ್ಟು ಇಲ್ಲಿಗೆ ಮರಳಿದಾಗ ಮಗು ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿತ್ತು. ಮತ್ತೆ ಮೊದಲಿನಿಂದ ಪ್ಲಾಸ್ಟರು.

ಆ ಅಜ್ಜಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮಗುವಿನ ಕಾಲಿಗೆ ಬೇಡಿಯಂಥದ್ದನ್ನು ಹಾಕಿದರೆ ಯಾವ ಅಜ್ಜಿಗೆ ಸಂಕಟವಾಗುವುದಿಲ್ಲ? ಮೂರು ತಿಂಗಳಿಗೊಮ್ಮೆ ಯಾರಾದರೂ ಅವಳ ಮಾತಿನಲ್ಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು. "ಅಮ್ಮಾ, ಗಿಡಕ್ಕ ಕೋಲು ಕಟ್ಟೀವಿ, ಈಗಲೇ ಬಿಚ್ಚಬ್ಯಾಡ್ರಿ" ಎಂದು.

ಸರ್ಕಾರದ ಯೋಜನೆ ಇಲ್ಲ ಎಂದಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರ ಫೆಬ್ರವರಿಯಲ್ಲಿ ಶುರುವಾದದ್ದು ನಮ್ಮ ಪಕ್ಕದ ಪಾಲ್ಘರ್‌ನಲ್ಲೇ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ, ಕಂಡ ತೊಂದರೆಗೆ ಉಚಿತ ಚಿಕಿತ್ಸೆ. ಸೊಟ್ಟಪಾದ, ಸೊಂಟದ ಕೀಲು, ರಿಕೆಟ್ಸ್ ಎಲ್ಲ ಅದರ ಪಟ್ಟಿಯಲ್ಲಿವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. ಆದರೆ ನಾಕಾದ ಮಗು ಅಂಗನವಾಡಿಯಲ್ಲಿ ಇರುವುದಿಲ್ಲ, ಜಲ್ಲಿ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಇರುತ್ತದೆ. ಸೈಟು ಮುಗಿದರೆ ಅದೂ ಬೇರೆ ಕಡೆ. ಈ ಯೋಜನೆ ಕರ್ನಾಟಕದಲ್ಲೂ ಇದೆ. ಊರಿಗೆ ಹೋಗುವ ಕುಟುಂಬವನ್ನು ಅಲ್ಲಿನ ಜಿಲ್ಲಾಸ್ಪತ್ರೆಗೆ ಜೋಡಿಸುವ ಒಬ್ಬರು ಬೇಕು. ನಿಮ್ಮ ಸಂಘಗಳಲ್ಲಿ ಉತ್ತರ ಕರ್ನಾಟಕದ ಸದಸ್ಯರು ಎಷ್ಟಿದ್ದಾರೆ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಇಬ್ಬರಿಗೂ ಮುಜುಗರ.

ಎಲ್ಲದಕ್ಕೂ ಹೆದರಬೇಕು ಎಂದೂ ಅಲ್ಲ. ಹೆದರಿಸಿ ದುಡ್ಡು ಮಾಡುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಎರಡು ವರ್ಷದವರೆಗೆ ಮಗುವಿನ ಕಾಲು ಸ್ವಲ್ಪ ಬಿಲ್ಲಿನಂತಿರುತ್ತದೆ, ಮೂರು ನಾಲ್ಕಕ್ಕೆ ಮಂಡಿಗೆ ಮಂಡಿ ತಾಗುತ್ತದೆ, ಏಳೆಂಟರ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಚಪ್ಪಟೆ ಪಾದವೂ ಹಾಗೇ. ಮಗು ತುದಿಗಾಲಲ್ಲಿ ನಿಂತಾಗ ಪಾದದಡಿ ಕಮಾನು ಮೂಡುತ್ತದೆಯೇ? ನೋವಿಲ್ಲವೇ? ಹಾಗಿದ್ದರೆ ಸಾವಿರಾರು ರೂಪಾಯಿಯ ಸೋಲ್ ಬೇಡ, ಬರಿಗಾಲಲ್ಲಿ ಆಡಲು ಬಿಡಿ. ವಾಕರ್ ಬೇಡವೇ ಬೇಡ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿಂದ ಉರುಳುವುದು ಮಾತ್ರ ಬೇಗ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿತು. ನಾವು ನಾಮಕರಣಕ್ಕೆ ಉಡುಗೊರೆ ಕೊಡುತ್ತೇವೆ! ಅಜ್ಜಿಯ ಕಾಲದ ಮರದ ಮೂರು ಗಾಲಿಯ ಗಾಡಿ, ಮಗು ತಾನೇ ನಿಂತು ತಳ್ಳುವಂಥದ್ದು, ಅದಕ್ಕಿಂತ ಸಾವಿರ ಪಾಲು ವಾಸಿ.

ಶಾಲೆಯ ಚೀಲದ ಬಗ್ಗೆ ನಿಮ್ಮ ವೇದಿಕೆಗಳಲ್ಲಿ ಭಾಷಣ ಕೇಳಿ ಕೇಳಿ ನನಗೆ ಸಾಕಾಗಿದೆ. ಚೀಲದ ಭಾರದಿಂದ ಬೆನ್ನುಮೂಳೆ ಸೊಟ್ಟಗಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹೆಗಲು, ಕುತ್ತಿಗೆ ನೋಯುತ್ತದೆ, ಅದು ನಿಜ. ಮಗುವಿನ ತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇರಬಾರದು ಎಂದು ಮಹಾರಾಷ್ಟ್ರ ಸರ್ಕಾರ 2015ರಲ್ಲೇ ಆದೇಶ ಹೊರಡಿಸಿತು, 2020ರ ರಾಷ್ಟ್ರೀಯ ನೀತಿಯೂ ಅದನ್ನೇ ಹೇಳುತ್ತದೆ. ನನ್ನ ಅಕ್ಕನ ಮೊಮ್ಮಗ 24 ಕಿಲೋ, ಅವನ ಚೀಲ 5 ಕಿಲೋ 400 ಗ್ರಾಂ. ಚೀಲ ಬಿಚ್ಚಿದರೆ ಅವತ್ತು ಬೇಡದ ಮೂರು ಪುಸ್ತಕ, ಎರಡು ನೀರಿನ ಬಾಟಲಿ, ಒಂದಿಷ್ಟು ಕಲ್ಲು. ಕಲ್ಲು ಅವನದೇ ಸಂಗ್ರಹ, ಅದಕ್ಕೆ ಶಾಲೆಯನ್ನು ದೂರುವಂತಿಲ್ಲ. ಚೀಲಕ್ಕಿಂತ ನನಗೆ ಚಿಂತೆ ಆಡದಿರುವುದರದ್ದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಹಾಗೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಸಭಾಗೃಹ ವಾರದಲ್ಲಿ ಐದು ದಿನ ಖಾಲಿ ಇರುತ್ತದೆ.

ರಾತ್ರಿ "ಕಾಲು ನೋವು" ಎಂದು ಮಗು ಅಳುವುದು ಇನ್ನೊಂದು. ಎರಡೂ ಕಾಲು, ಮೀನಖಂಡ, ತೊಡೆ, ಮಂಡಿಯ ಹಿಂದೆ. ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ, ಮಗು ಮಲಗುತ್ತದೆ, ಬೆಳಗ್ಗೆ ಏನೂ ಆಗದವರ ಹಾಗೆ ಓಡುತ್ತದೆ. ಇದು ಬೆಳೆಯುವ ವಯಸ್ಸಿನ ನೋವು. ಅಜ್ಜಿ ಮಾಡಿದ್ದೇ ಮದ್ದು. ಆದರೆ ನೋವು ಯಾವಾಗಲೂ ಒಂದೇ ಕಡೆ ಇದ್ದರೆ, ಕೀಲು ಊದಿದ್ದರೆ, ಬೆಳಗ್ಗೆಯೂ ಕುಂಟಿದರೆ, ತೂಕ ಇಳಿದರೆ, ಎಣ್ಣೆ ಪಕ್ಕಕ್ಕಿಡಿ.

ಕುಂಟುವುದರ ಜೊತೆ ಜ್ವರ ಇದ್ದರೆ ಅದೇ ದಿನ ಆಸ್ಪತ್ರೆ. ಇದೊಂದು ಮಾತನ್ನು ದಯವಿಟ್ಟು ಬೋರ್ಡಿನಲ್ಲಿ ಬರೆಸಿ ಹಾಕಿ. ನೆಗಡಿ ಬಂದು ಹೋದ ಮೇಲೆ ಕೆಲವು ಮಕ್ಕಳು ಸೊಂಟ ಹಿಡಿದು ನಾಲ್ಕು ದಿನ ಕುಂಟುತ್ತಾರೆ, ತಾನಾಗಿ ಹೋಗುತ್ತದೆ. ಆದರೆ ಜ್ವರ ಜೋರಿದ್ದು, ಮಗು ಕಾಲೂರಲು ಒಪ್ಪದಿದ್ದರೆ ಕೀಲಿನಲ್ಲಿ ಕೀವು ತುಂಬಿರಬಹುದು. "ಆಡುವಾಗ ಬಿದ್ದಿರಬೇಕು" ಎಂದು ಎರಡು ಮೂರು ದಿನ ಉಜ್ಜುತ್ತಾ ಕೂತರೆ ಕೀಲು ಕರಗಿಹೋಗುತ್ತದೆ. ಹಾಗೆಯೇ ಗಂಟಲು ನೋವು ಬಂದು ಎರಡು ಮೂರು ವಾರದ ಮೇಲೆ ಇವತ್ತು ಮಂಡಿ, ನಾಳೆ ಪಾದದ ಗಂಟು, ನಾಡಿದ್ದು ಮೊಣಕೈ ಎಂದು ನೋವು ಓಡಾಡಿದರೆ ಅದು ರುಮ್ಯಾಟಿಕ್ ಜ್ವರ ಇರಬಹುದು. 5ರಿಂದ 15 ವರ್ಷದವರಲ್ಲಿ ಹೆಚ್ಚು. ಕೀಲಿನ ನೋವು ವಾಸಿಯಾಗುತ್ತದೆ, ಹೃದಯದ ಕವಾಟ ಕೆಡಬಹುದು. ಅದನ್ನು ತಡೆಯಲು ಮೂರು ನಾಲ್ಕು ವಾರಕ್ಕೊಂದರಂತೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಬೇಕು.

ಮಳೆಗಾಲ ಬಂತೆಂದರೆ ಡೆಂಗಿ, ಚಿಕುನ್‌ಗುನ್ಯಾ. ಮೈಕೈ ನೋವಿಗೆ ಎಂದು ಮನೆಯಲ್ಲಿರುವ ನೋವಿನ ಗುಳಿಗೆ ಅರ್ಧ ಮುರಿದು ಮಗುವಿಗೆ ಕೊಡುತ್ತಾರೆ. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ. ಪ್ಯಾರಾಸಿಟಮಾಲ್ ಸಾಕು, ಅದೂ ತೂಕ ನೋಡಿ. ಒಂದು ಸಲಕ್ಕೆ, ಮಗುವಿನ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಇಲ್ಲೊಂದು ಗುಂಡಿ ಇದೆ. ಒಂದೇ ಹೆಸರಿನ ಸಿರಪ್ಪು, 5 ಎಂಎಲ್‌ನಲ್ಲಿ 125 ಇರುವ ಬಾಟಲಿ ಒಂದು, 250 ಇರುವುದು ಇನ್ನೊಂದು. ಅಜ್ಜಿಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ, ಕಂಡರೂ ಇಂಗ್ಲಿಷ್. ಸೊಸೆ ಬಾಟಲಿಯ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿ "ಪಾಪುವಿಗೆ ಇಷ್ಟು" ಎಂದು ಕನ್ನಡದಲ್ಲಿ ಬರೆದಿಡಲಿ. ಮತ್ತೆ, ಹಲ್ಲು ಬರುವಾಗ ಜ್ವರ, ಭೇದಿ ಇದ್ದದ್ದೇ ಎಂದು ಸುಮ್ನೆ ಕೂರಬೇಡಿ. ಹಲ್ಲಿನಿಂದ ಜೋರು ಜ್ವರ ಬರುವುದಿಲ್ಲ.

ಮಳೆಗಾಲ ಅಂದಾಗ ನೆನಪಾಯಿತು. ಊರಲ್ಲಿ ತಿರುಗಾಟ ನಿಂತ ಮೇಲೆ ನಮ್ಮ ಯಕ್ಷಗಾನ ಕಲಾವಿದರು ಮುಂಬೈಗೆ ಬರುವುದು ಆಗಲೇ ಅಲ್ವಾ? ನಿಮ್ಮ ಸಭಾಗೃಹ ತುಂಬಿ, ಮುಂದಿನ ಸಾಲಿನಲ್ಲೆಲ್ಲ ಅಜ್ಜಿಯರು, ಮಡಿಲಲ್ಲಿ ಮೊಮ್ಮಕ್ಕಳು. ಚೌಕಿಯಲ್ಲಿ ಬಣ್ಣ ಹಚ್ಚುವಾಗ ಹೊರಗೆ ಅರ್ಧ ಗಂಟೆ ಸನ್ಮಾನ, ಶಾಲು, ಹಾರ ನಡೆಯುತ್ತದೆ. ಅದರಲ್ಲಿ ಹತ್ತು ನಿಮಿಷ ನನಗೆ ಕೊಡಿ. ಸ್ಲೈಡ್ ಬೇಡ, ಪಿಪಿಟಿ ಬೇಡ. ಒಂದು ಬಟ್ಟೆಯ ಗೊಂಬೆ, ಒಂದು ತುಂಡು ಸೀರೆ ಸಾಕು. ಮಗುವನ್ನು ಹೇಗೆ ಸುತ್ತುವುದು, ಹೇಗೆ ಎತ್ತುವುದು, ಯಾವಾಗ ಓಡುವುದು ಎಂದು ಹೇಳುತ್ತೇನೆ. ತುಳುವಿನಲ್ಲಿ ಹೇಳಲು ನನ್ನ ಗೆಳತಿ ಒಬ್ಬಳು ಒಪ್ಪಿದ್ದಾಳೆ.

ಶಿಬಿರದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಬೇರೆ ಮೇಜು ಇಡಿ. ನಮ್ಮವರಲ್ಲೇ ಮಕ್ಕಳ ಡಾಕ್ಟರುಗಳು ಇದ್ದಾರೆ, ಕರೆದರೆ ಬರುತ್ತಾರೆ. ನಾನು ಇಬ್ಬರನ್ನು ಕೇಳಿ ಇಟ್ಟಿದ್ದೇನೆ. ಭಾನುವಾರ ಹನ್ನೊಂದು ಗಂಟೆಗೆ ಹೋಟೆಲಿನವರಿಗೆ ಬಿಡುವಿರುವುದಿಲ್ಲ, ಮಧ್ಯಾಹ್ನ ಮೂರೂವರೆ ಆದರೆ ಗಂಡಸರೂ ಬರಬಹುದು. ವರ್ಷಕ್ಕೆ ಒಂದು ಶಿಬಿರವಾದರೂ ಸಭಾಗೃಹ ಬಿಟ್ಟು ನಾಕಾದ ಹತ್ತಿರ, ಸಂಜೆ ಏಳರ ಮೇಲೆ, ಕೂಲಿ ಮುಗಿಸಿ ಬರುವವರಿಗಾಗಿ ಆಗಲಿ. ಬೂಟು ಪಟ್ಟಿಯ ಮಕ್ಕಳ ಮನೆಗೆ ಫೋನ್ ಮಾಡಲು ಕಲಬುರ್ಗಿ, ವಿಜಯಪುರದ ಮಾತು ಬರುವ ಇಬ್ಬರು ಯುವಕ ಯುವತಿಯರನ್ನು ಗುರುತಿಸಿ. ಇದಕ್ಕೆಲ್ಲ ಶಾಲಿನ ಖರ್ಚೂ ಆಗುವುದಿಲ್ಲ.

ಆ ಕುಂದಾಪುರದ ಅಜ್ಜಿ ಈಚೆಗೆ ಸಿಕ್ಕಿದ್ದರು. ಮೊಮ್ಮಗ ಓಡುತ್ತಾನೆ. ಅವನ ಹಿಂದೆ ಓಡಿ ಓಡಿ ಅವರ ಮೊಣಕಾಲು ಇನ್ನೂ ಕೆಟ್ಟಿದೆಯಂತೆ, ನನಗೇ ಬೈದರು.

ಮುಂದಿನ ಶಿಬಿರದ ದಿನಾಂಕ ನಿಗದಿಯಾದ ಮೇಲೆ ನನಗೊಂದು ಮಾತು ತಿಳಿಸಿ. ಮಕ್ಕಳ ತೂಕದ ಯಂತ್ರ, ಅಳತೆ ಟೇಪು ನಾನೇ ತರುತ್ತೇನೆ. ನಿಮ್ಮಿಂದ ಬೇಕಾಗಿರುವುದು ಒಂದು ಉದ್ದದ ಮೇಜು, ಒಂದು ದಪ್ಪ ಚಾಪೆ, ಫ್ಯಾನಿನ ನೇರ ಗಾಳಿ ಬಡಿಯದ ಒಂದು ಮೂಲೆ.

ಇತಿ,
ಡೊಂಬಿವಲಿಯ ಒಬ್ಬ ಫಿಸಿಯೋಥೆರಪಿಸ್ಟ್